ಒಂದು ಎಲೆ ಕಮ್ಮಿ

ಪಾಲಿಬೆಟ್ಟದ ಬಂಗಲೆ ಹರಾಜಾದ ದಿನ
ಪಿಯಾನೊ, ಪಿಂಗಾಣಿ, ಕಡವೆಯ ಕೊಂಬು
ಜೀಪು ತಂದವರ ಪಾಲಾದವು.
ನನಗೆ ಉಳಿದದ್ದು ಮುನ್ನೂರು ರೂಪಾಯಿಯ ಈ ತೂಗುದೀಪ:
ತಾಮ್ರದ ಎಲೆ, ಅದರ ಕೆಳಗೆ ಎಲೆ, ಅದರ ಕೆಳಗೂ ಎಲೆ,
ಬಿರಿಯಲೋ ಬೇಡವೋ ಎಂದು ತಲೆಕೆಳಗಾಗಿ ಯೋಚಿಸುವ ಮೊಗ್ಗು.
ಒಳ ಅಂಚಿನಲ್ಲಿ ಡೆನ್ಮಾರ್ಕ್ ಎಂಬ ಅಚ್ಚು.
ಅದರ ಪಕ್ಕದಲ್ಲಿದ್ದ ಹೆಸರನ್ನು
ಯಾರೋ ನಿಷ್ಠಾವಂತ ಬಟ್ಲರು
ಹುಣಸೆಹುಳಿ ಹಚ್ಚಿ, ವರ್ಷಗಟ್ಟಲೆ, ಉಜ್ಜಿ ಅಳಿಸಿದ್ದಾನೆ.

ಒಂದು ಎಲೆ ಕಮ್ಮಿಯಿತ್ತು.
ಆ ಸಂದಿಯಿಂದ ಬಲ್ಬು
ಬಾಗಿಲ ಮರೆಯ ಚಾಡಿಕೋರನ ಹಾಗೆ
ನನ್ನನ್ನೇ ದಿಟ್ಟಿಸುತ್ತಿತ್ತು.

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ.
ಪೊಕ್ಕರಾಕ ಕಾಫಿ ಪಲ್ಪರುಗಳಿಗೆ ತಾಮ್ರ ಹೊದಿಸುವವನು;
ವೆಲ್ಡಿಂಗಿನ ಉರಿಗೆ ಕಣ್ಣು ಕೆಂಪು, ಅಂಚಿನಲ್ಲಿ ಸದಾ ನೀರು.
ದೀಪವನ್ನು ಕೊಕ್ಕೆಗೆ ಹಾಕಿ, ಹೊತ್ತಿಸಿ,
ಸ್ಟೂಲಿನ ಮೇಲೆ ಕೂತು ನೋಡಿದ, ನಿಂತು ನೋಡಿದ,
ಕೊನೆಗೆ ನೆಲದ ಮೇಲೆ ಅಂಗಾತ ಮಲಗಿಯೇ ನೋಡಿದ.
"ಟೀಚರೇ, ಈ ಒಂದು ಸಂದಿ ಬಿಟ್ಟರೆ
ಎಲ್ಲಿಂದಲೂ ಬಲ್ಬು ಕಾಣುವುದಿಲ್ಲ.
ಇದನ್ನು ಮಾಡಿದವನಿಗೂ ಕಣ್ಣು ಸುಟ್ಟಿರಬೇಕು.
ರೆಪ್ಪೆಯ ಮೇಲೆ ಆಲೂಗೆಡ್ಡೆ ಹೋಳಿಟ್ಟು
ರಾತ್ರಿ ಕಳೆದವನೇ ಇರಬೇಕು."

ನಾನು ಕೋನಮಾಪಕ ಇಟ್ಟು ಅಳೆದೆ.
ಒಂದೊಂದು ಸಾಲಿಗೆ ಒಂದೊಂದು ವಾಲು.
ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗುವ ನಾಡಂತೆ ಅದು;
ಎದುರು ಕೂತವರ ಮುಖ ಬಿಟ್ಟು
ನೋಡಲು ಬೇರೇನಿದೆ ಅಲ್ಲಿ, ಎಂದುಕೊಂಡೆ.

ನಮ್ಮ ಐನ್‌ಮನೆಯ ತೂಕ್‌ಬೊಳ್ಚಕ್ಕೆ
ಹೊತ್ತಿಸಿದ ಕೂಡಲೇ ಕೈ ಮುಗಿಯುತ್ತೇವೆ.
ಇದು ಹಾಗಲ್ಲ. ನನ್ನನ್ನು ನೋಡಬೇಡ ಎನ್ನುತ್ತದೆ,
ತಟ್ಟೆ ನೋಡು, ಮೀನಿನ ಮುಳ್ಳು ನೋಡಿಕೋ.

ಹಳೇ ಪಲ್ಪರಿನ ತಗಡು ಕತ್ತರಿಸಿ, ಉಬ್ಬುಗಳ ಬಡಿದು ಮಟ್ಟ ಮಾಡಿ
ಎಲೆ ಕೂಡಿಸಿದ. ಕೂಲಿ ನಾನೂರೈವತ್ತು;
ದೀಪಕ್ಕಿಂತ ಎಲೆಯೇ ತುಟ್ಟಿ.
ಅಳಿಸಿದ ಜಾಗದಲ್ಲಿ ನಿಮ್ಮ ಹೆಸರು ಕೆತ್ತಿ ಎಂದೆ.
"ಬೇಡ. ಉಜ್ಜುವವರು ಉಜ್ಜಿಯೇ ಉಜ್ಜುತ್ತಾರೆ."

ಆದರೂ ಪೂರ್ತಿ ಮಟ್ಟವಾಗಿಲ್ಲ ಆ ತಗಡು.
ಸಂಜೆ ಸ್ವಿಚ್ ಹಾಕಿದರೆ
ಆ ಎಲೆಯ ಮೇಲೆ ಮಾತ್ರ ಸಾಲು ಸಾಲು ಚುಕ್ಕಿ,
ಎಷ್ಟೋ ಕುಯ್ಲಿನ ಹಣ್ಣು ಒತ್ತಿಹೋದ ಗುರುತು.
ಉತ್ತರಪತ್ರಿಕೆ ತಿದ್ದುತ್ತ ಕೂತ ನನಗೆ
ಬೆಳಕು ಎಲ್ಲಿಂದ ಬರುತ್ತಿದೆ ಎಂಬುದು
ಒಂಬತ್ತನೇ ಪತ್ರಿಕೆಯ ಹೊತ್ತಿಗೆ ಮರೆತೇ ಹೋಗಿರುತ್ತದೆ.