ಮೂಗು ತೊರೆಯ ಕಡೆಗೆ

ಜುಲೈ ತಿಂಗಳು. ಮೊಖೊಟ್ಲೊಂಗಿನ ಬೆಳಗು ಅಂದರೆ
ಬಕೆಟ್ಟಿನ ನೀರನ್ನು ಸುತ್ತಿಗೆಯಿಂದ ಒಡೆದು ಮುಖ ತೊಳೆಯುವುದು.
ನ್ತಾತೆ ಲೆಬುಸಾನ ಡೀಸೆಲ್ ಪಿಕಪ್ಪು
ನನಗಿಂತ ನಾಲ್ಕು ವರ್ಷ ಹಿರಿದು;
ಎಡ ಬಾಗಿಲು ಅದರದೇ, ಬಲ ಬಾಗಿಲು ಯಾವುದೋ ಸತ್ತ ಗಾಡಿಯದು.
ಉಣ್ಣೆಯ ಮೂಟೆ, ಬಸುರಿ ಹೆಂಗಸರು, ಒಮ್ಮೆ ಒಂದು ಶವಪೆಟ್ಟಿಗೆ,
ಎಲ್ಲ ಹೊತ್ತಿದೆ, ನಡುದಾರಿಯಲ್ಲಿ ಕೈಕೊಟ್ಟಿಲ್ಲ.
ಈಗ ಬೆಳಗಾದರೆ ಜಪ್ಪಯ್ಯ ಅಂದರೂ ಏಳುವುದಿಲ್ಲ.

ಊರಿಗೆ ಊರೇ ವೈದ್ಯ.
ಬ್ಯಾಟರಿ, ಅಂದರು ಮೇಷ್ಟ್ರು.
ಪಾದ್ರಿಯ ಪ್ರಕಾರ ಚಳಿ, ಬರೀ ಚಳಿ,
ಸೆಪ್ಟೆಂಬರಿಗೆ ತಾನೇ ಸರಿಹೋಗುತ್ತದೆ.
ಅಳಿಯ ಮೊಹಾಪಿ ಬಾನೆಟ್ಟಿನ ಮೇಲೆ ಮೊಣಕೈ ಊರಿ
ಪಂಪು ಮುಗಿಯಿತು, ಮಾರಿಬಿಡಿ, ಗಿರಾಕಿ ನಾನೇ ಅಂದ.
ಮುದುಕ ಏನೂ ಅನ್ನಲಿಲ್ಲ. ಕಂಬಳಿಯ ಪಿನ್ನು ಬಿಗಿ ಮಾಡಿಕೊಂಡ.

ನಾನು ಮೊದಲು ಬ್ಯಾಟರಿಯನ್ನೇ ನೋಡಿದೆ, ಮೇಷ್ಟ್ರ ಮರ್ಯಾದೆಗೆ.
ಹನ್ನೆರಡೂವರೆ ವೋಲ್ಟು. ಚೆನ್ನಾಗಿಯೇ ಇತ್ತು.
ಗ್ಲೋ ಪ್ಲಗ್ಗು ನಾಲ್ಕನ್ನೂ ಬಿಚ್ಚಿ ತಂತಿ ಮುಟ್ಟಿಸಿದೆ:
ಎರಡು ಕೆಂಡವಾದವು, ಎರಡು ತಣ್ಣಗೆ ನನ್ನನ್ನೇ ನೋಡಿದವು.
ಸಿಕ್ಕಿದ ಕಳ್ಳ, ಅಂದುಕೊಂಡೆ. ಹೊಸವು ಹಾಕಿದೆ, ದುಡ್ಡು ತೆಗೆದುಕೊಂಡೆ.
ಮರುದಿನ ಐದೂವರೆಗೆ ಕಣಿವೆಯ ಆಚೆಯಿಂದ ಮತ್ತದೇ
ಗರ್ರ್, ಗರ್ರ್, ಗರ್ರ್.
ಹಾಸಿಗೆಯಲ್ಲೇ ನನ್ನ ಕಿವಿ ಬಿಸಿಯಾಯಿತು.

ಈ ಸಲ ಕೀಲಿ ಮುದುಕನಿಗೆ ಕೊಟ್ಟು
ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತೆ.
ಹೊಗೆ ಬಂದರೆ ಎಣ್ಣೆ ಬಂದಿದೆ, ಬೆಂಕಿ ಹತ್ತಿಲ್ಲ.
ಹೊಗೆಯೇ ಬರದಿದ್ದರೆ?
ಕೊಳವೆಯ ಬಾಯಿ ಒಣಗಿತ್ತು, ಉಪವಾಸದವನ ಬಾಯಿಯ ಹಾಗೆ.
ಮೂವತ್ತು ಎಣಿಸಿದ ಮೇಲೆ ಒಂದು ಬಿಳಿ ಎಳೆ,
ಕೆಮ್ಮು, ನಡುಕ, ಆಮೇಲೆ ಇಂಜಿನ್ನು ಹಿಡಿಯಿತು
ಏನೂ ಆಗೇ ಇಲ್ಲವೆಂಬಂತೆ.

"ನನ್ನ ತಂಗಿಯ ಮನೆ ಮುಂದೆ ಈ ರಗಳೆಯೇ ಇಲ್ಲ," ಅಂದ ಮುದುಕ
ಟೀ ಲೋಟಕ್ಕೆ ಹೇಳುವವನಂತೆ.
"ರಾತ್ರಿಯಿಡೀ ಹಿಮ ಬಿದ್ದರೂ ಒಂದೇ ತಿರುವಿಗೆ ಏಳುತ್ತದೆ.
ಮಾತುಮೆಲೊ ಅಂದರೆ ಅದಕ್ಕೆ ಇಷ್ಟ."
ಅಲ್ಲಿ ಹೇಗೆ ನಿಲ್ಲಿಸುತ್ತೀರಿ?
"ಇಳಿಜಾರಿನಲ್ಲಿ. ಮೂಗು ತೊರೆಯ ಕಡೆಗೆ. ಬೇರೆ ಜಾಗ ಎಲ್ಲಿದೆ?"
ನಿಮ್ಮ ಮನೆಯಲ್ಲಿ?
ಅಂಗೈಯನ್ನು ಆಕಾಶಕ್ಕೆ ಓರೆ ಮಾಡಿ ತೋರಿಸಿದ.

ಲೋಟ ಕೆಳಗಿಟ್ಟೆ.
ಮೂಗು ಮೇಲಾದರೆ ರಾತ್ರಿಯೆಲ್ಲ ಎಣ್ಣೆ
ಹಿಂದಕ್ಕೆ, ಟ್ಯಾಂಕಿಗೆ, ಜಾರುತ್ತದೆ;
ಜಾರಬೇಕಾದರೆ ಎಲ್ಲಿಂದಲೋ ಗಾಳಿ ಒಳಗೆ ಬರಲೇಬೇಕು.
ಎಣ್ಣೆ ಸೋರದಷ್ಟು ಸಣ್ಣ, ಗಾಳಿ ನುಸುಳುವಷ್ಟು ದೊಡ್ಡ ದಾರಿ.
ಫಿಲ್ಟರಿಗೂ ಪಂಪಿಗೂ ನಡುವೆ ಗೇಣುದ್ದ ಪಾರದರ್ಶಕ ಪೈಪು ಕಟ್ಟಿದೆ,
ಬಿಯರು ಇಳಿಸುವ ಹೆಂಗಸಿನಿಂದ ಕಡ ತಂದದ್ದು.
ಬೆಳಗ್ಗೆ ಟಾರ್ಚು ಬಿಟ್ಟರೆ ಪೈಪು ಅರ್ಧ ಖಾಲಿ.
ಕೀಲಿ ತಿರುಗಿದೊಡನೆ ಗುಳ್ಳೆ, ಗುಳ್ಳೆಯ ಹಿಂದೆ ಗುಳ್ಳೆ,
ಶಾಲೆ ಬಿಟ್ಟ ಮಕ್ಕಳು.

ಸಿಕ್ಕಿದ್ದು ಫಿಲ್ಟರಿನ ತಲೆಯ ಮೇಲಿನ ಕೈಪಂಪಿನೊಳಗೆ:
ಒಂದು ರಬ್ಬರಿನ ಬಳೆ, ಒಣಗಿ, ಕೂದಲೆಳೆಯಷ್ಟು ಸೀಳು.
ಒಂದು ಬ್ರೆಡ್ಡಿಗಿಂತ ಅಗ್ಗ.
ಮೊಹಾಪಿ ಬಂದು ನೋಡಿ, ಟೈರಿಗೊಂದು ಒದ್ದು ಹೋದ.
ಗ್ಲೋ ಪ್ಲಗ್ಗಿನ ಕೂಲಿ ವಾಪಸು ಕೊಡಹೋದೆ,
ಅವೂ ಸತ್ತಿದ್ದವಲ್ಲ, ಅಂದ ಮುದುಕ.

ಭಾನುವಾರ ನಡೆದೇ ಬಂದ.
"ಮೂಗು ಎತ್ತ ಇದ್ದರೂ ಏಳುತ್ತದೆ ಈಗ."
ಸಂತೋಷದ ದನಿಯಲ್ಲ.
ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.
ಹನ್ನೊಂದು ವರ್ಷ ಮಾತು ಬಿಟ್ಟಿದ್ದ ತಂಗಿ
ಮೊದಲ ಹಿಮಕ್ಕೆ ದಾರಿ ಮುಚ್ಚಿದಾಗ ಒಂದು ರಾತ್ರಿ,
ಆಮೇಲೆ ಗಾಡಿಯ ನೆಪಕ್ಕೆ ವಾರಕ್ಕೆ ಮೂರು ರಾತ್ರಿ
ಅಂಗಳ ಕೊಟ್ಟಿದ್ದಳು,
ಅಂಗಳದ ಜೊತೆ ಜೋಳದ ಗಂಜಿ.

ನಾನು ಕೈ ಒರೆಸಿಕೊಂಡೆ, ಒರೆಸಿದ್ದನ್ನೇ ಮತ್ತೆ.
ಹೊಸ ರಬ್ಬರು ನೋಡಿ, ಕೂತುಕೊಳ್ಳಬೇಕು, ಅಂದೆ.
ಸ್ವಲ್ಪ ದಿನ ಇಳಿಜಾರಿನಲ್ಲೇ ನಿಲ್ಲಿಸಿ.
"ಎಷ್ಟು ದಿನ?"
ಹಿಮ ಕರಗುವವರೆಗಾದರೂ.

ಅವನು ಟೋಪಿ ಹಾಕಿಕೊಂಡ.