ನೂರೈವತ್ತು ಗಜ

ಕಣ್ಣು ಮಂಜಾದ ವರ್ಷ
ಮರ್ವಿನ್ ಟ್ರೆಗೆಂಜಾನ ಲೈಸೆನ್ಸೂ ಹೋಯಿತು.
ಬೇಲಿಯ ಆಚೆಯಿಂದ ಕೇಳಿದ:
"ನೀನು ಬಸ್ಸು ಓಡಿಸುವವಳಲ್ಲವೆ,
ಮ್ಯಾನಮ್‌ವರೆಗೆ ಬರುತ್ತೀಯಾ?"

ಫ್ರೀಮ್ಯಾಂಟಲ್‌ನಿಂದ ಮ್ಯಾನಮ್‌ಗೆ
ಎರಡು ಸಾವಿರದ ಏಳುನೂರು ಚಿಲ್ಲರೆ ಕಿಲೋಮೀಟರು.
ನನ್ನ ರೂಟು ಹದಿನಾಲ್ಕು,
ಮೂವತ್ತೊಂದು ನಿಲ್ದಾಣ.
ರಜೆ ಬರೆದು ಕೊಟ್ಟೆ.

ಹಿಂದಿನ ಸೀಟಿನಲ್ಲಿ ಹನ್ನೊಂದು ಡಬ್ಬಿ,
ಡಬ್ಬಿಯೊಳಗೆ ಕಾಲುಚೀಲ ತೊಟ್ಟ ಒಂದೊಂದು ರೀಲು.
ನಿಮ್ಮ ಭಾಷೆಯಲ್ಲಿ ಇದಕ್ಕೇನಂತಾರೆ, ಎಂದ.
ನಮ್ಮ ಮನೆಯಲ್ಲಿ ಯಾರೂ ಗಾಳ ಮುಟ್ಟಿದವರಲ್ಲ.
ಯೋಚಿಸಿ, "ರಾಟೆ" ಅಂದೆ.
ರಾಟಿ, ರಾಟಿ, ಎಂದು
ನಾರ್ಸ್‌ಮನ್‌ವರೆಗೂ ಅದನ್ನೇ ಜಗಿದ.

ಬಲಡೋನಿಯ ದಾಟಿದ ಮೇಲೆ ರಸ್ತೆಗೆ ತಿರುವಿಲ್ಲ.
ನೂರ ನಲವತ್ತಾರು ಕಿಲೋಮೀಟರು
ಸ್ಟಿಯರಿಂಗು ಸುಮ್ಮನೆ ಕೈಯಲ್ಲಿ ಕೂತಿರುತ್ತದೆ,
ಯಾರದೋ ಮಗುವಿನ ಹಾಗೆ.
ಅವನು ಒಂದೊಂದೇ ರೀಲಿನ ಕಾಲುಚೀಲ ಬಿಚ್ಚಿ
ಕಿವಿಗೆ ಹಿಡಿದು ತಿರುಗಿಸುತ್ತಾನೆ.
ಕಿರ್ರ್. "ನಾಟಿಂಗ್‌ಹ್ಯಾಮಿನದು. ಹಿತ್ತಾಳೆ ನಕ್ಷತ್ರ."
ಟಕ್ಕಟಕ್ಕ. "ಇದು ಯಾರೋ ಬಡಗಿ
ಭಾನುವಾರ ಕೂತು ಮಾಡಿದ್ದು. ಲೆಕ್ಕ ತಪ್ಪಿದ್ದಾನೆ, ಕೇಳು."
ನನಗೆ ಕೇಳಿಸಿದ್ದು ಟಯರಿನ ಸದ್ದು.

ಕಯ್ಗುನಾದ ಆಚೆ ಒಂದು ಬೋರ್ಡು:
ಗಡಿಯಾರ ನಲವತ್ತೈದು ನಿಮಿಷ ಮುಂದೆ ಮಾಡಿ.
ಒಂದು ಗಂಟೆಯೂ ಅಲ್ಲ, ಅರ್ಧವೂ ಅಲ್ಲ,
ಯಾರು ಯಾರ ಜೊತೆ ಚೌಕಾಸಿ ಮಾಡಿದರೋ!
ಸತ್ತ ಕಾಂಗರೂ ಮೇಲೆ ಕೂತ ಹದ್ದು
ಹಾರ್ನಿಗೆ ಜಗ್ಗಲಿಲ್ಲ.
"ಹೊಡೀಬೇಡ," ಅಂದ ಮರ್ವಿನ್,
"ಅದು ನಿನ್ನ ಬಸ್ಸು ಹತ್ತುವುದಿಲ್ಲ."

ಸೆಡೂನಾದ ತಪಾಸಣೆಯಲ್ಲಿ ಹುಡುಗಿಯೊಬ್ಬಳು
ಹನ್ನೊಂದೂ ಡಬ್ಬಿ ತೆರೆಸಿ
ನಮ್ಮ ಎರಡು ಕಿತ್ತಳೆ ಕಿತ್ತುಕೊಂಡು ಬಿಟ್ಟಳು.
ಅಲ್ಲಿಂದ ಮುಂದೆ, ಗೋಧಿ ಹೊಲಗಳ ನಡುವೆ,
ನನ್ನ ಮುಖ ತನಗೆ ಕಾಣದು ಎಂಬ ಧೈರ್ಯಕ್ಕೋ ಏನೋ
ತಮ್ಮನ ಮಾತು ತೆಗೆದ.
ಕ್ಲಾರಿ. ಎಡಚ. ಗಂಟು ಕೂಡ ಎಡಮುರಿ.
ಅಪ್ಪನ ರೀಲು ನದಿಗೆ ಬೀಳಿಸಿದ ಎಂದು
ಬೆಲ್ಟಿನಲ್ಲಿ ತಿಂದವನು.
"ಮಾರಿದ್ದು ನಾನು," ಅಂದ ಮರ್ವಿನ್.
"ನಾಲ್ಕು ಪೌಂಡಿಗೆ. ಬೂಟು ಕೊಂಡೆ."
ಕಿಂಬಾದವರೆಗೆ ಇಬ್ಬರೂ ಮಾತಾಡಲಿಲ್ಲ.

ಮ್ಯಾನಮ್ ಹಾಲಿನಲ್ಲಿ ನಲವತ್ತು ಮೇಜು,
ಎಣ್ಣೆಯ ವಾಸನೆ, ಸ್ಕೋನು, ಜಾಮು.
ಮೂಲೆಯ ಮೇಜು ನೋರೀನಳದು.
ಹೋದ ತಿಂಗಳು ಫೋನಿನಲ್ಲಿ
ರೀಲೊಂದನ್ನು ತಿರುಗಿಸಿ ಕೇಳಿಸಿದ್ದಳಂತೆ:
ಆರು ಟಿಕ್ಕು, ಒಂದು ಮೌನ.
ಆರು ಟಿಕ್ಕು, ಒಂದು ಮೌನ.
ಏಳನೇ ಹಲ್ಲು ಮುರಿದ ರಾಟೆ
ಪ್ರಪಂಚದಲ್ಲಿ ಎಷ್ಟಿರಬಹುದು?

ಕೊಳ್ಳುವ ಮಾತೇ ಎತ್ತಲಿಲ್ಲ ಅವನು.
ದಾರ ಬಿಚ್ಚಿ ತಳ ಮುಟ್ಟಬೇಕು ಅಂದ.
ನೋರೀನ್ ಅವನ ಬೂಟುಗಳನ್ನು ನೋಡಿದಳು,
ಯಾಕೋ ಗೊತ್ತಿಲ್ಲ. ಆಯಿತು ಅಂದಳು.

ತುದಿ ಹಿಡಿದು ನಾನು ನಡೆದೆ:
ಸ್ಕೋನಿನ ಮೇಜು ದಾಟಿ, ಬಾಗಿಲು ದಾಟಿ,
ಬೇಕರಿ ಮುಂದಿನ ಇಳಿಜಾರಿನಲ್ಲಿ
ದೋಣಿಕಟ್ಟೆಯ ಕಡೆಗೆ.
ಹತ್ತು ಹೆಜ್ಜೆಗೊಬ್ಬರು ಬಂದು ದಾರಕ್ಕೆ ಬೆರಳು ಕೊಟ್ಟರು,
ಹಳೇ ನಾರು, ನೆಲ ತಾಕಿದರೆ ತುಂಡಾದೀತೆಂದು.
ಕಾರೊಂದು ನಿಂತಿತು. ಡ್ರೈವರೂ ಇಳಿದು ಹಿಡಿದ.
ನೂರೈವತ್ತು ಗಜ.
ನನ್ನ ಕೈಯ ದಾರ ಒಮ್ಮೆ ತಟ್ಟನೆ ನಿಂತಿತು.

ಗಂಟು ಎಡಮುರಿಯೋ ಬಲಮುರಿಯೋ
ನದಿಯ ಬಳಿ ನಿಂತ ನನಗೆ ತಿಳಿಯಲಿಲ್ಲ.
ಹತ್ತಿರವಿದ್ದವರೂ ಹೇಳಲಿಲ್ಲ.
ಹೆಬ್ಬೆರಳು ಇಟ್ಟವನು ಬಹಳ ಹೊತ್ತು ಇಟ್ಟಿದ್ದನಂತೆ.
ಆಮೇಲೆ ಅವನೇ ಸುತ್ತಿದ, ಪೂರ್ತಿ ಒಂದು ಗಂಟೆ.
ಇಳಿಜಾರನ್ನು ನಾನು ಹಿಮ್ಮುಖವಾಗಿ ಅಲ್ಲ,
ಮುಖಾಮುಖಿಯಾಗಿಯೇ ಹತ್ತಿದೆ.

ವಾಪಸು ಬರುವಾಗ ಡಬ್ಬಿ ಹನ್ನೊಂದೇ.
ಕಯ್ಗುನಾದಲ್ಲಿ ಕೊಟ್ಟ ನಲವತ್ತೈದು ನಿಮಿಷ ವಾಪಸು ಪಡೆದೆವು.
"ಈಗ ನೇರ ರಸ್ತೆಯೇನು?" ಕೇಳಿದ.
ಹೌದು ಅಂದೆ.
"ಸಡಿಲ ಬಿಡಬೇಡ," ಅಂದ,
ಅಂದು ನಿದ್ದೆ ಹೋದ.