ಮೇಲಿನ ಪೆಟ್ಟಿಗೆ

ಎಡಿನ್‌ಬರೋ. ಕ್ಯಾನನ್‌ಗೇಟಿನ ಹಿಂದಿನ ಓಣಿ,
ಮೂರನೆಯ ಮಹಡಿ. ಕಿಟಕಿಗೆ ಬೆನ್ನು ಮಾಡಿ
ನಿಂತೇ ಇರುತ್ತೇವೆ ಹನ್ನೊಂದು ಹುಡುಗಿಯರು,
ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಖಾನೆಯಿಂದ ಖಾನೆಗೆ
ಕಾಳು ಹೆಕ್ಕುವ ಕೋಳಿ.

ಹೊಸ ಕಾದಂಬರಿ ಬಂದಿದೆ. ಮೂರು ಸಂಪುಟ.
ನಲವತ್ತು ಸಾವಿರ ಪೌಂಡಿನ ಒಡತಿ ಮಿಸ್ ಹೊನೋರಿಯಾ ಫೆಲ್‌ಗೇಟ್,
ಅವಳಿಗೊಬ್ಬ ಡ್ಯೂಕ್,
ಡ್ಯೂಕನಿಗೊಂದು ಸೋರುವ ಅರಮನೆ.
ಮೇಸ್ತ್ರಿ ಪಿರೀ ಹಸ್ತಪ್ರತಿಯನ್ನು
ರೊಟ್ಟಿ ಮುರಿದಂತೆ ಮುರಿದು ಹಂಚುತ್ತಾನೆ:
ನನಗೆ ನಾಲ್ಕು ಹಾಳೆ, ಎಲ್ಸ್‌ಪೆತ್‌ಗೆ ನಾಲ್ಕು,
ಕೆಮ್ಮುವ ಗ್ರಿಜೆಲ್‌ಗೆ ಮೂರು.

ಹಾಗಾಗಿ ನನ್ನ ಡ್ಯೂಕ್ ಬೆಳಗಿನಿಂದ ಮೆಟ್ಟಿಲ ಮೇಲೇ ನಿಂತಿದ್ದಾನೆ,
ಕೈಗವಸು ಅರ್ಧ ಕಳಚಿ.
ಪೂರ್ತಿ ಕಳಚುವುದು ಎಲ್ಸ್‌ಪೆತ್ ಪಾಲು.
ಮುತ್ತು ಯಾರ ಹಾಳೆಗೆ ಬಂತು ಎಂದು
ಚಹಾದ ಹೊತ್ತಿಗೆ ವಿಚಾರಣೆ.
“ನನ್ನಲ್ಲಿ ಬರೀ ಕುದುರೆ ಕುಂಟಿತು,” ಅನ್ನುತ್ತಾಳೆ ಗ್ರಿಜೆಲ್.

ಕೂಲಿ ಅಕ್ಷರದ ಲೆಕ್ಕ, ಸಾವಿರಕ್ಕೆ ಇಷ್ಟು ಪೆನ್ನಿ.
ಕೆಳಗಿನ ಮಹಡಿಯ ಗಂಡಸರಿಗೆ ಅದರ ಎರಡರಷ್ಟು.
ಆದ್ದರಿಂದ, ಡ್ಯೂಕನೇ, ನಿಟ್ಟುಸಿರು ಬಿಡು, ಉದ್ದಕ್ಕೆ ಬಿಡು,
ನಿನ್ನ ಮುತ್ತಜ್ಜನ ಬಿರುದೆಲ್ಲ ಹೇಳು,
ನೀನು ತೊದಲಿದಷ್ಟೂ ನಮ್ಮ ಒಲೆಗೆ ಕಲ್ಲಿದ್ದಲು.
ಮಾತೇ ಸಿಗದೆ ಇಬ್ಬರೂ ನಿಂತುಬಿಟ್ಟರೆ ಇನ್ನೂ ವಾಸಿ:
ಖಾಲಿ ಸಾಲಿಗೂ ತುಂಬಿದ ಸಾಲಿನದೇ ಕೂಲಿ.

ಪ್ರೀತಿ ಮೊಳೆಯಿತು ಎಂದು ಬರೆಯುತ್ತಾರಲ್ಲ,
ನಿಜ. ಇಲ್ಲಿ ಮೊಳೆಯುವುದೆಲ್ಲ ಸೀಸದ ಮೊಳೆ,
ಒಂದೊಂದೇ, ತಲೆಕೆಳಗಾಗಿ.
ಹೊನೋರಿಯಾಳನ್ನು ನಾನು ಕಂಡದ್ದೆಲ್ಲ
ಪಾದ ಮೇಲೆ, ಮುತ್ತಿನ ಬೈತಲೆ ಕೆಳಗೆ.

ಪೆಟ್ಟಿಗೆ ಎರಡು. ದೊಡ್ಡಕ್ಷರ ಮೇಲಿನದರಲ್ಲಿ.
ಡ್ಯೂಕ್ ಅನ್ನಲು ತೋಳೆತ್ತಬೇಕು,
ಲೇಡಿ ಅನ್ನಲು ತೋಳೆತ್ತಬೇಕು,
ಅವರ ಮನೆಗೂ ದೊಡ್ಡಕ್ಷರ, ಬೇಟೆನಾಯಿಗೂ.
ಸಂಜೆಗೆ ಭುಜ ಹೇಳುತ್ತದೆ
ಇವತ್ತು ಎಷ್ಟು ಮಂದಿ ಗಣ್ಯರು ಬಂದಿದ್ದರೆಂದು.
ದಾಸಿ ಮಾತ್ರ ಕೆಳಗಿನ ಪೆಟ್ಟಿಗೆಯಲ್ಲೇ ಮುಗಿದುಹೋಗುತ್ತಾಳೆ,
ಅರ್ಧರಾತ್ರಿಯ ಆಲಿಕಲ್ಲಿನಲ್ಲಿ ಒಡತಿಯ ಪತ್ರ ಹೊತ್ತು
ಎರಡು ಮೈಲಿ ಓಡಿದವಳು.
ಹೆಸರು ಬರೆದಿರಲಿಲ್ಲ.

ಮಂಗಳವಾರ, ಗ್ಯಾಸ್ ದೀಪ ಹಚ್ಚುವ ಹೊತ್ತು,
ಯಾಕೋ ಕೈ ಮೇಲಕ್ಕೆ ಹೋಯಿತು.
ದಾಸಿಗೆ ದೊಡ್ಡಕ್ಷರ ಕೊಟ್ಟೆ.
ಒಂದೇ ಮೊಳೆ.

ಬುಧವಾರ ಕರಡು ವಾಪಸು ಬಂತು.
ಅವಳ ತಲೆಗೆ ಅಡ್ಡ ಒಂದು ಗೆರೆ, ಅಂಚಿನಲ್ಲಿ: ಇಳಿಸಿ.
ನನ್ನ ತಪ್ಪು, ನನ್ನದೇ ಹೊತ್ತು, ತಿದ್ದಿದ್ದಕ್ಕೆ ಕೂಲಿಯಿಲ್ಲ.
ಚಿಮಟದಲ್ಲಿ ಎತ್ತಿ ಕೆಳಗಿಟ್ಟೆ.
ಸಾಲು ಸಡಿಲಾಯಿತು.
ತೆಳ್ಳನೆ ಹಿತ್ತಾಳೆಯ ಚೂರು ತುರುಕಿ ಬಿಗಿ ಮಾಡಿದೆ.
ಅಲ್ಲಿ ಕೂದಲೆಳೆಯಷ್ಟು ಬಿಳುಪು ಜಾಸ್ತಿ ಇದೆ,
ಗೊತ್ತಿದ್ದು ನೋಡಿದರೆ.

ಕಡೆಯ ಹಾಳೆಗಳು ಗಂಡಸರ ಮಹಡಿಗೆ ಹೋದವು.
ಮದುವೆಯಾಯಿತಂತೆ.
ಇಲ್ಲವಂತೆ, ಹಡಗು ಹತ್ತಿದನಂತೆ.
ಪುಸ್ತಕದ ಬೆಲೆ ಒಂದೂವರೆ ಗಿನಿ,
ನನ್ನ ಎರಡು ವಾರ.

ಶನಿವಾರ ಅಚ್ಚು ಬಿಚ್ಚುತ್ತೇವೆ.
ಕೈಗವಸು, ಮೆಟ್ಟಿಲು, ಎಂದೆಂದಿಗೂ ನಿನ್ನವಳು,
ಎಲ್ಲ ತೊಳೆದು, ಅದರದರ ಖಾನೆಗೆ.
ಸೋಮವಾರ ಅದೇ ಸೀಸದಲ್ಲಿ
ಲೀತ್ ಬಂದರಿನ ಹೆರಿಂಗ್ ಮೀನಿನ ಹರಾಜು;
ಡ್ಯೂಕನ ಮೊದಲಕ್ಷರ ಈಗ ಡನ್‌ಬಾರಿನ ದೋಣಿಗೆ.
ಪಕ್ಕದಲ್ಲಿ ಗ್ರಿಜೆಲ್ ಕೆಮ್ಮು ನುಂಗಿಕೊಂಡು,
ಸ್ಟಿಕ್ಕಿನಿಂದ ಕಣ್ಣೆತ್ತದೆ ಕೇಳುತ್ತಾಳೆ:
“ಆ ಕುದುರೆ ಬದುಕಿತೇನೇ?”